ಎರಡನೆಯ ಎಣಿಕೆ

ವಿದ್ಯಾರಣ್ಯಪುರ
೧೨ ಫೆಬ್ರವರಿ ೨೦೨೫

ಪ್ರೀತಿಯ ಮುನಿವೆಂಕಟಮ್ಮನವರಿಗೆ,

ಸಂಯುಕ್ತಾಳ ನಮಸ್ಕಾರಗಳು. ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ ಅಮ್ಮಾ. ಮಾಲಾ ಹೋಗಿ ಇನ್ನೂ ಮೂರು ತಿಂಗಳು ತುಂಬಿಲ್ಲ, ನಿಮಗೆ ಕ್ಷೇಮ ಎಲ್ಲಿಂದ ಬರಬೇಕು? ಎರಡು ಸಲ ಸೋಲದೇವನಹಳ್ಳಿಯ ಬಸ್ಸು ಹತ್ತಿದೆ. ಎರಡು ಸಲವೂ ನಿಮ್ಮ ಸ್ಟಾಪಿನಲ್ಲಿ ಇಳಿಯದೆ ಮುಂದೆ ಹೋಗಿ, ಹೆಸರಘಟ್ಟದಲ್ಲಿ ಒಂದು ಕಾಫಿ ಕುಡಿದು ವಾಪಸು ಬಂದೆ. ನನ್ನ ಧೈರ್ಯ ಇಷ್ಟೇ. ಆದ್ದರಿಂದ ಈ ಕಾಗದ. ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಕನ್ನಡಕ ಹಾಕಿಕೊಂಡು ನೀವೇ ಓದಿ, ಬೇರೆಯವರ ಕೈಲಿ ಓದಿಸಬೇಡಿ.

ತಿಥಿಯ ದಿನ ನಿಮ್ಮ ಅಳಿಯ ಶರತ್ ಶಾಮಿಯಾನದ ಕೆಳಗೆ, ಅಷ್ಟು ಜನರೆದುರು ಅಂದದ್ದನ್ನು ಕೇಳಿಸಿಕೊಂಡೆ. ಆಸ್ಪತ್ರೆಗೆ ತೋರ್ಸೋದು ಬಿಟ್ಟು ಮೂರು ವಾರ ನಾಟಿ ಕಟ್ಟು ಹಾಕ್ಸಿದ್ರಲ್ಲಾ, ನಿಮ್ಮಿಂದಾನೇ ಮಾಲಾ ಹೋಗಿದ್ದು, ಇನ್ಮೇಲೆ ನಮ್ ಮಗಳು ಇಂದೂನ ಈ ಮನೆಗೆ ಕಳ್ಸಲ್ಲ ಅಂದ. ನೀವು ಸೆರಗನ್ನು ಬಾಯಿಗೆ ಒತ್ತಿಕೊಂಡು, ಔದಪ್ಪಾ, ನಂದೇ ತಪ್ಪು, ಎತ್ತ ತಾಯಿ ಕಣ್ಣಿಗೇ ಬೀಳ್ನಿಲ್ವಲ್ಲಪ್ಪಾ ಎಂದಿರಿ. ನಾನು ಅಲ್ಲೇ ಇದ್ದೆ. ಎಲೆಗಳಿಗೆ ಉಪ್ಪು ಬಡಿಸುತ್ತಿದ್ದೆ. ನಿಮ್ಮ ಮಾತು ಮುಗಿದ ಮೇಲೂ ಬಡಿಸುತ್ತಲೇ ಇದ್ದೆ.

ನಿಮ್ಮ ಕಣ್ಣಿಗೆ ಬಿದ್ದಿತ್ತು ಅಮ್ಮಾ. ನಿಮಗೆ ನೆನಪಿಲ್ಲ, ಅಷ್ಟೇ. ನನಗಿದೆ.

ಅದನ್ನು ಹೇಳುವುದಕ್ಕೆ ಮೊದಲು ನನ್ನ ಸಂಶೋಧನೆಯ ವಿಷಯ ಸ್ವಲ್ಪ ಹೇಳಬೇಕು. ನಾನು ಕಾಲುಗಳ ನಡುವೆ ಇಟ್ಟುಕೊಂಡು ಬಾರಿಸುವ ಚೆಲ್ಲೋ, ಅದೇ ನೀವು ದೊಡ್ಡ ಪಿಟೀಲು ಅನ್ನುತ್ತಿದ್ದಿರಲ್ಲ, ಅದಕ್ಕೆಂದು ಮುನ್ನೂರು ವರ್ಷದ ಹಿಂದೆ ಯೂರೋಪಿನಲ್ಲಿ ಬರೆದ ಸಂಗೀತವಿದೆ. ಪಕ್ಕವಾದ್ಯವಿಲ್ಲ, ಹಾಡುವವರಿಲ್ಲ, ಚೆಲ್ಲೋ ಒಂದೇ. ಹೆಚ್ಚಿನ ತುಣುಕುಗಳಿಗೆ ಒಂದೊಂದು ಕುಣಿತದ ಹೆಸರು. ನಾನು ಹಿಡಿದದ್ದು ಸಾರಾಬಾಂಡ್ ಎನ್ನುವುದನ್ನು. ಸ್ಪೇನಿನಲ್ಲಿ ಅದು ಮರ್ಯಾದಸ್ಥರು ಕುಣಿಯಬಾರದೆಂದು ನಿಷೇಧಿಸಿದ್ದ ಜೋರು ಕುಣಿತ. ಫ್ರಾನ್ಸಿನ ಅರಮನೆಗೆ ಬಂದ ಮೇಲೆ ಅದರ ನಡೆ ನಿಧಾನವಾಯಿತು. ಒಂದು, ಎರಡು, ಮೂರು ಎಂದು ಎಣಿಸಬೇಕು, ಎರಡನೆಯ ಎಣಿಕೆಯ ಮೇಲೆ ಭಾರ ಬಿಡಬೇಕು. ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ಬಾರಿಸುವವರು ಇವತ್ತಿಗೂ ಕಿತ್ತಾಡುತ್ತಾರೆ. ಎಲ್ಲರೂ ಕುರ್ಚಿಯಲ್ಲಿ ಕೂತವರು! ಕುಣಿಯುವ ಕಾಲನ್ನು ಕೇಳಬೇಕಪ್ಪಾ ಎನ್ನುವುದು ನನ್ನ ಹಟ.

ಆ ಕಾಲು ನಿಮ್ಮ ಮಾಲಾಳದು. ನಿಮ್ಮ ಮನೆಯ ಮಹಡಿಯ ಮೇಲೆ ಅವಳು ಭರತನಾಟ್ಯ ಹೇಳಿಕೊಡುತ್ತಿದ್ದಳಲ್ಲ, ಅಲ್ಲಿಗೇ ನನ್ನ ಚೆಲ್ಲೋ ಹೊತ್ತು ತಂದೆ. ಹಳೆಯ ಪುಸ್ತಕದಲ್ಲಿ ಗೆರೆ ಎಳೆದು ತೋರಿಸಿದ್ದ ಹೆಜ್ಜೆಗಳನ್ನು ಒಂದೇ ವಾರದಲ್ಲಿ ಕಲಿತುಬಿಟ್ಟಳು. ಅಕ್ಕಾ, ಇದು ನಮ್ಮ ಅಡವು ಥರಾನೇ, ಕೈಗೆ ಮಾತ್ರ ಕೆಲ್ಸ ಇಲ್ಲ ಎಂದು ನಗುತ್ತಿದ್ದಳು. ಎರಡು ವರ್ಷದ ಹಿಂದಿನ ಜನವರಿ ಅದು. ಮಧ್ಯಾಹ್ನ ಅವಳು ಕುಣಿಯುವುದು, ನಾನು ಬಾರಿಸುವುದು, ಕ್ಯಾಮೆರಾ ಓಡುವುದು. ನೀವು ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿತಕುತ್ತಾ, ಯಾರು ಸತ್ತೋಗವ್ರೆ ಅಂತ ಇಂಗೆ ಅಳೋ ರಾಗ ಬಾರಿಸ್ತೀಯವ್ವಾ ಎಂದು ನನ್ನನ್ನು ಛೇಡಿಸುತ್ತಿದ್ದಿರಿ. ಎಷ್ಟು ನಗುತ್ತಿದ್ದೆವು ನಾವು ಮೂವರೂ.

ಎರಡನೆಯ ಎಣಿಕೆಗೆ ಮಾಲಾ ಎಡಗಾಲ ಮೇಲೆ ನಿಂತರೆ ನಿಂತೇಬಿಡುತ್ತಿದ್ದಳು. ಬಲಗಾಲನ್ನು ತಡವಾಗಿ ಇಳಿಸುವಳು, ಇಳಿಸಿದೊಡನೆ ಎತ್ತಿಬಿಡುವಳು. ನನಗೆ ಮೈ ಜುಮ್ಮೆಂದಿತು. ಆಹಾ, ಪುಸ್ತಕದಲ್ಲಿಲ್ಲದ್ದು ಕಾಲಿನಲ್ಲಿದೆ ಎಂದು ಕುಣಿದಾಡಿದೆ. ಅವಳು ನಿಂತ ಹೊತ್ತನ್ನು ಅಳೆದು ಅಳೆದು ಬರೆದುಕೊಂಡೆ. ಒಂದು ದಿನ ಇನ್ನೊಂದು ಕಾಲಿನಿಂದ ಶುರು ಮಾಡಿಸಿದೆ. ಆಗ ಎರಡನೆಯ ಎಣಿಕೆ ಬಲಗಾಲಿಗೆ ಬಿತ್ತು, ಅವಳು ನಿಲ್ಲಲೇ ಇಲ್ಲ. ಬುದ್ಧಿ ಇದ್ದವರು ಯಾಕೆ ಎಂದು ಕೇಳುತ್ತಿದ್ದರು. ನಾನು, ಅಭ್ಯಾಸ ಸಾಲದು ಎಂದು ಗೀಚಿ ಆ ವಿಡಿಯೋ ಚಿತ್ರಗಳನ್ನೆಲ್ಲ ಪಕ್ಕಕ್ಕೆ ಹಾಕಿದೆ.

ಜನವರಿ ಹತ್ತೊಂಬತ್ತನೆಯ ತಾರೀಖು ನೀವು ತಟ್ಟೆ ಕೆಳಗಿಟ್ಟು ನನ್ನ ಹತ್ತಿರ ಬಂದಿರಿ. ಸಂಯುಕ್ತವ್ವಾ, ಯಾಕವ್ವಾ ಅದು ಬಲಗಾಲು ಎಳೀತೈತೆ, ಒಸಿ ನೋಡು ಎಂದಿರಿ. ನಾನು ಕಮಾನನ್ನೂ ಕೆಳಗಿಡಲಿಲ್ಲ. ಆ ಕುಣಿತದ ಕ್ರಮವೇ ಹಾಗೆ ಅಮ್ಮಾ, ನಿಮಗೆ ಗೊತ್ತಾಗಲ್ಲ ಎಂದೆ. ನೀವು ಅವಳ ಕಡೆ ಇನ್ನೊಮ್ಮೆ ನೋಡಿ, ಓ ಅಂಗಾ, ನಮಗೇನ್ ತಿಳೀತದೆ ಬುಡು ಎಂದು, ತಟ್ಟೆ ಎತ್ತಿಕೊಂಡು ಒಲೆ ನೋಡಲು ಕೆಳಗೆ ಹೋದಿರಿ. ಚಿತ್ರ ಅಲ್ಲಿಗೆ ಮುಗಿಯುತ್ತದೆ. ನಿಮ್ಮ ದನಿ ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಅವಳಿಗೆ ಮೆಟ್ಟಿಲು ಹತ್ತಲಾಗದೆ ನೀವು ಕಟ್ಟು ಹಾಕಿಸಿದ್ದು ಆಗಸ್ಟಿನಲ್ಲಿ. ಸೆಪ್ಟೆಂಬರಿನಲ್ಲಿ ಡಾಕ್ಟರು, ಮೊಣಕಾಲಿನ ಮೇಲೆ ಮೂಳೆಯಲ್ಲಿ ಗೆಡ್ಡೆ, ಬೆಳೆಯಲು ಶುರುವಾಗಿ ಬಹಳ ತಿಂಗಳಾಗಿದೆ ಎಂದರು. ಅಕ್ಟೋಬರಿನಲ್ಲಿ ಕಾಲು ತೆಗೆದರು. ಮರುವರ್ಷ ಆ ರೋಗ ಶ್ವಾಸಕೋಶಕ್ಕೆ ಹೋಯಿತು. ಜನವರಿಯಲ್ಲೇ ತೋರಿಸಿದ್ದರೆ ಉಳಿಯುತ್ತಿದ್ದಳೇ ಎಂದು ನಾನು ಡಾಕ್ಟರನ್ನು ಕೇಳಿದೆ. ಖಚಿತವಾಗಿ ಹೇಳೋಕಾಗಲ್ಲ, ಅವಕಾಶ ಜಾಸ್ತಿ ಇರ್ತಿತ್ತು ಎಂದರು. ಮೂರು ವಾರದ ತಪ್ಪನ್ನು ನೀವು ತಲೆಯ ಮೇಲೆ ಹೊತ್ತು ಕೂತಿದ್ದೀರಿ. ಅದಕ್ಕೆ ಮುಂಚಿನ ಏಳು ತಿಂಗಳ ತಪ್ಪು ನನ್ನದು.

ಇನ್ನೊಂದು ಹೇಳಬೇಕು, ಹೇಳುವುದಕ್ಕೇ ಅಸಹ್ಯ. ಡಾಕ್ಟರು ಬಲಗಾಲು ಎಂದ ದಿನವೇ ನನಗೆ ಹೊಳೆದಿತ್ತು. ಮಾಲಾ ನಿಲ್ಲುತ್ತಿದ್ದದ್ದು ಸಂಗೀತಕ್ಕಲ್ಲ, ನೋವಿಗೆ. ಆದರೂ ಅವಳು ನಿಂತ ಹೊತ್ತೇ ಸರಿಯಾದ ಲೆಕ್ಕ ಎಂದು ಬರೆದಿದ್ದ ಪ್ರಬಂಧವನ್ನು ಹೊರದೇಶದ ಪತ್ರಿಕೆಗೆ ಕಳಿಸಿದೆ. ಅಚ್ಚಾಗಿ ಬಂದದ್ದನ್ನು ಅವಳ ಹಾಸಿಗೆಯ ಹತ್ತಿರ ಒಯ್ದೆ. ತನ್ನ ಹೆಸರಿನ ಮೇಲೆ ಬೆರಳಾಡಿಸಿ, ಅಕ್ಕಾ, ಕಾಲು ಹೋದ್ರೂ ಹೆಜ್ಜೆ ಉಳೀತಲ್ಲ ಎಂದಳು. ಹೂಂ ಕಣೇ ಎಂದೆ. ಹೇಗೆ ಹೇಳಿದೆನೋ, ನನ್ನ ಬಾಯಿಗೆ ಮಣ್ಣು ಹಾಕ! ಮಾಲಾ ಒಂದು ದಿನವೂ ನೋವು ಎಂದು ಬಾಯಿಬಿಟ್ಟವಳಲ್ಲ ಅಮ್ಮಾ. ಬಾಯಿಬಿಟ್ಟಿದ್ದರೆ ನಾನು ನಿಲ್ಲಿಸುತ್ತಿರಲಿಲ್ಲವೇ? ಅಷ್ಟಾದರೂ ನಂಬಿ.

ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಳ್ಳಿ, ಅದು ಸುಳ್ಳು ಎಂದು ಪತ್ರಿಕೆಯವರಿಗೆ ನಿನ್ನೆ ಬರೆದೆ. ಅದನ್ನು ನಂಬಿ ಉಪನ್ಯಾಸಕ್ಕೆ ಕರೆದಿದ್ದವರಿಗೂ ಬರೆದೆ. ಚಿತ್ರಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ, ನಾಗಸಂದ್ರಕ್ಕೆ ಶರತ್ ಹೆಸರಿನಲ್ಲಿ ಕೊರಿಯರ್ ಮಾಡಲು ಮೇಜಿನ ಮೇಲೆ ಇಟ್ಟಿದ್ದೇನೆ. ಜೊತೆಗೊಂದು ಚೀಟಿ. ನಿಮ್ಮತ್ತೆ ಜನವರಿಯಲ್ಲೇ ನೋಡಿದ್ದರು, ಬಾಯಿ ಮುಚ್ಚಿಸಿದವಳು ನಾನು, ಬೈಯುವುದಿದ್ದರೆ ವಿದ್ಯಾರಣ್ಯಪುರಕ್ಕೆ ಬನ್ನಿ, ಇಂದೂನ ಅಜ್ಜಿಯ ಮನೆಗೆ ಕಳಿಸಿ ಎಂದು ಬರೆದಿದ್ದೇನೆ. ಅವನು ಬಂದರೆ ನೀವೂ ಮುಖ ತಿರುಗಿಸಬೇಡಿ. ಆ ಮಗು ನಿಮ್ಮ ಮಡಿಲಿಗೆ ಬರಬೇಕು, ನನಗೆ ಇನ್ನೇನೂ ಬೇಡ.

ನನ್ನನ್ನು ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಒಳ್ಳೆಯವರು, ಕೇಳಿದರೆ ಕ್ಷಮಿಸಿಬಿಡುತ್ತೀರಿ, ಅದೇ ನನಗೆ ಭಯ.

ಇಂತಿ,
ನಿಮ್ಮ ಮನೆಯಲ್ಲಿ ಉಂಡವಳು
ಸಂಯುಕ್ತಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಒಂದು ಸುಳ್ಳಿದೆ. ಹತ್ತೊಂಬತ್ತನೆಯ ತಾರೀಖಿನ ಚಿತ್ರ ನೀವು ಕೆಳಗೆ ಹೋದಲ್ಲಿಗೆ ಮುಗಿಯುವುದಿಲ್ಲ. ಕೊನೆಯ ಹನ್ನೊಂದು ಸೆಕೆಂಡು ನಾನು ಕತ್ತರಿಸಿ ತೆಗೆದಿದ್ದೆ. ಈಗ ಮತ್ತೆ ಸೇರಿಸಿದ್ದೇನೆ, ಶರತ್ ಕೈಗೆ ಪೂರ್ತಿಯದೇ ಹೋಗುತ್ತದೆ. ನೀವು ಹೋದ ಮೇಲೆ ಮಾಲಾ ಗೋಡೆ ಹಿಡಿದು ನಿಂತು, ಅಕ್ಕಾ, ಅಮ್ಮ ಹೇಳಿದ್ದು ನಿಜ, ಕಾಲು ತುಂಬಾ ನೋಯ್ತಿದೆ, ಇವತ್ತಿಗೆ ಸಾಕಾ ಎಂದು ಕೇಳುತ್ತಾಳೆ. ನಾನು, ಇನ್ನೊಂದೇ ಒಂದ್ ಸಲ ಕಣೇ, ಇವತ್ತು ಎರಡನೇ ಎಣಿಕೆ ತುಂಬಾ ಚೆನ್ನಾಗ್ ಬರ್ತಿದೆ ಎನ್ನುತ್ತೇನೆ. ಅವಳು ಗೋಡೆ ಬಿಟ್ಟು ಬಂದು, ಮೊದಲ ಹೆಜ್ಜೆಗೆ ನಿಲ್ಲುತ್ತಾಳೆ.