ಖಂಡಿಪೂಜಿ ಫೋಟೋದಾಗಿನ ಪಾಸ್‌ವರ್ಡ್

ಸೆಪ್ಟೆಂಬರ್ ೨೯
ಮತ್ತ ಮರತಾರ. ಸಕ್ರಪ್ಪ ಸಾಹೇಬ್ರಿಗೆ ನಮ್ಮ ಕೈಮಗ್ಗ ಆಫೀಸ್ ವೆಬ್‌ಸೈಟಿನ ಹೊಸ ಪಾಸ್‌ವರ್ಡ್ ಮಾಡಿಕೊಟ್ಟು ಮೂರ ದಿನಾ ಆತು, ಹನ್ನೊಂದ ಸಲ ಕೇಳ್ಯಾರ. ಮೊದಲಿಂದು ಏನಿತ್ತು? ಗದಗ ೧೨೩! ಕಡೀಕ ಚೀಟ್ಯಾಗ ಬರದು ಮಾನಿಟರಿಗೆ ಅಂಟಿಸಿಬಿಟ್ರು. "ಇರ್ಲಿ ಬಿಡವಾ ವಿದ್ಯಾ, ಇಲ್ಲಿ ಯಾರ ಬರ್ತಾರ?" ಇನ್ನೆಂಟು ತಿಂಗಳಿಗೆ ರಿಟೈರ್. ಅಲ್ಲೀತನಕ ಸೈಟನ್ನ ದೇವರಽ ಕಾಯಬೇಕು.

ಅಕ್ಟೋಬರ್ ೧, ಸಂಜಿ
ಖಂಡಿಪೂಜಿ, ಅಂದ್ರ ಆಯುಧಪೂಜಿ. ಕಂಪ್ಯೂಟರಿಗೆ ವಿಭೂತಿ, ಪ್ರಿಂಟರಿಗೆ ಚೆಂಡುಹೂ, ಕೀಬೋರ್ಡ್ ತುಂಬ ಕುಂಕುಮ... ಇನ್ನ ಒರಸಾಕಿ ನಾನು. ಅಪ್ಪ ನೇಯ್ದ ಸೀರಿ ಉಟ್ಟಿದ್ದೆ, ನಡುವ ನಿಂತೆ. ಸಾಹೇಬ್ರು ಫೋಟೋ ಹೊಡದು ಆಫೀಸ್ ಗ್ರೂಪಿಗೆ ಹಾಕಿದ್ರು. ಮನಿಗೆ ಬಂದು ಝೂಮ್ ಮಾಡಿದೆ — ಅಯ್ಯ ಶಿವನ! ಚೀಟಿ ಎದ್ದು ಕಾಣತೈತಿ. ಫೋನ್ ಹಚ್ಚಿದೆ.
"ಪಾಸ್‌ವರ್ಡ್ ಈಗಽ ಬದಲಿಸಬೇಕ್ರಿ. ನಿಮ್ಮ ಫೋನಿಗೆ ಓಟಿಪಿ ಬರ್ತೈತಿ, ಹೇಳ್ರಿ."
"ಪೂಜಿಗೆ ಇಟ್ಟಿದ್ದನ್ನ ನಾಳಿ ಬನ್ನಿ ಕೊಡೂತನಕ ಮುಟ್ಟಬಾರ್ದವಾ. ನಿಮ್ಮಪ್ಪ ಇವತ್ತ ಮಗ್ಗ ಮುಟ್ಟ್ಯಾರೇನು?"
ಮಗ್ಗಕ್ಕ ಪಾಸ್‌ವರ್ಡ್ ಇರ್ತೈತೇನ್ರಿ ಅಂದೆ. ನಕ್ಕು ಫೋನ್ ಇಟ್ಟಬಿಟ್ರು. ಎಂಥಾ ಮಂದಿ ಕೈಯಾಗ ಐತಿ ಸರಕಾರ!

ಅಕ್ಟೋಬರ್ ೩
ಆತು, ಸೈಟ್ ಹ್ಯಾಕ್. ನೇಕಾರರ ಅರ್ಜಿ ಪಟ್ಟಿ ಇದ್ದಲ್ಲಿ ಜೂಜಿನ ಜಾಹೀರಾತು. ಬೆಟಗೇರಿ ಹನಮಂತವ್ವ ಮೊಬೈಲ್ ಹಿಡಕೊಂಡು ಬಂದ್ಲು — "ನನ್ನ ಅರ್ಜಿ ನೋಡಾಕ ಹೋದ್ರ ಇಸ್ಪೇಟ್ ಆಡು ಅಂತೈತಲ್ಲ!" ಸಾಹೇಬ್ರು ಏನ್ ಮಾಡಿದ್ರು? ಕಂಪ್ಯೂಟರ್ ಪ್ಲಗ್ ಕಿತ್ತು ಮತ್ತ ಹಾಕಿದ್ರು. ಥೂ.
ಅವರ ಮ್ಯಾಲ ಎರಡು ಪುಟ ತಕರಾರು ಬರದು ಮ್ಯಾಲಿನ ಆಫೀಸಿಗೆ ಕಳಿಸೀನಿ. ಯಾರದರೆ ನೌಕರಿ ಹೋಗಾಕಬೇಕು. ನಂದು ಗುತ್ತಿಗಿ ನೌಕರಿ — ಮೊದಲ ನಂದಽ ಹೋಗೂದು. ಯಾಕ ಹೋಗಬೇಕು?

ಅಕ್ಟೋಬರ್ ೯
ತಪಾಸಣಿಗೆ ಕಲ್ಪನಾ ಮೇಡಂ ಬಂದಿದ್ರು. ನನ್ನ ತಕರಾರು ಸಾಹೇಬ್ರ ಮುಂದಽ ಓದಿದ್ರು. ಅವರು ತಲಿ ತಗ್ಗಿಸಿ ಕೇಳಿದ್ರು, ನನಗ ಪಾಪ ಅನ್ನಿಸಲಿಲ್ಲ.
ಆಮ್ಯಾಲ ಮೇಡಂ ನನ್ನ ಮುಂದ ಒಂದು ಪ್ರಿಂಟ್ ಇಟ್ರು. ಹ್ಯಾಕರ್‌ಗಳ ಗ್ರೂಪಿನ್ಯಾಗ ಸಿಕ್ಕಿದ್ದಂತ. ಅದಽ ಪೂಜಿ ಫೋಟೋ. ಮ್ಯಾಲ ನನ್ನ ಹೆಸರು. ನನ್ನ ಇನ್‌ಸ್ಟಾಗ್ರಾಂ.
ಹೌದು, ಹಾಕಿದ್ದೆ. ಸೀರಿ ಸಲುವಾಗಿ. ಸಂಜೀಕ ಚೀಟಿ ಕಂಡಕೂಡ್ಲೇ ತಗದಿದ್ದೆ. ಈ ಡೈರ್ಯಾಗ ಸುದ್ದಾ ಬರೀಲಿಲ್ಲ. ಆಫೀಸ್ ಗ್ರೂಪಿನ್ಯಾಗ ಇರೂದಽ ನಾಲ್ಕ ಮಂದಿ.
"ಇದನ್ನ ಯಾರನ್ನ ಕೇಳಿ ಹಾಕಿದಿ?" ಅಂದ್ರು ಮೇಡಂ.
"ನಾನಽ ಹಾಕಂದಿದ್ದೆ ಮೇಡಂ," ಅಂದ್ರು ಸಾಹೇಬ್ರು. "ಹುಡುಗೀದೇನ ತಪ್ಪಿಲ್ರಿ."
ಖರೆ ಅಲ್ಲ. ಇನ್‌ಸ್ಟಾಗ್ರಾಂ ಅಂದ್ರೇನಂತನೂ ಅವರಿಗೆ ಗೊತ್ತಿಲ್ಲ. ಮೇಡಂ ಹೇಳಿಕಿ ಬರಕೊಂಡ್ರು. ಸಾಕ್ಷಿ ಅಂತ ನನ್ನ ಸಹಿನೂ ಕೇಳಿದ್ರು. ಸಾಹೇಬ್ರಽ ಪೆನ್ ಕೊಟ್ರು. ನಾ — ಸಹಿ ಹಾಕಿದೆ.