ಅರವತ್ತೆರಡರಿಂದ ಇನ್ನೂರ ಹದಿನಾಲ್ಕರವರೆಗೆ

ಅಮ್ಮನ ಕೋಣೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗಿಣೀ,

ಹೇಗಿದ್ದೀಯ? ಕ್ಯಾಮೆರಾ ಹೊತ್ತು ಹೊತ್ತು ಬಲಭುಜ ಹಿಡಿದುಕೊಂಡಿದೆ ಎಂದಿದ್ದೆ, ಈಗ ವಾಸಿಯೇ? ಬಿಸಿನೀರಿನ ಶಾಖ ಕೊಡು, ಭಾರದ ಚೀಲವನ್ನು ಎಡಗಡೆ ಹಾಕಿಕೋ. ದಿನವಿಡೀ ಹೋಟೆಲುಗಳ ಮೆತ್ತನೆ ಹಾಸಿಗೆಗಳ ಫೋಟೋ ತೆಗೆಯುವವಳಿಗೆ ಅವುಗಳ ಮೇಲೆ ಐದು ನಿಮಿಷ ಒರಗಲು ಬಿಡುವುದಿಲ್ಲವೇ ಆ ಜನ? ನಾನು ಚೆನ್ನಾಗಿದ್ದೇನೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಹೊಸ ಯಂತ್ರ ಬಂದಿದೆ. ಮಾಲೀಕರು ಅದಕ್ಕೆ ಬಟ್ಟೆ ಹೊದಿಸಿ, ಮುಟ್ಟುವ ಮುಂಚೆ ಕೈ ತೊಳೆಯಲು ಹೇಳುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ನನಗೆ ಅಷ್ಟು ಮರ್ಯಾದೆ ಸಿಕ್ಕಿದ್ದಿಲ್ಲ. ಹೋಗಲಿ ಬಿಡು.

ಈ ಕಾಲದಲ್ಲಿ ಕಾಗದ ಯಾಕೆ ಎಂದುಕೊಳ್ಳುತ್ತೀಯ. ಮೆಸೇಜು ಹಾಕಿದರೆ ನೀನು ಕೆಲಸದ ನಡುವೆ ಒಂದು ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತೀಯ. ಅದಕ್ಕೇ ಕಾಗದ, ಅದೂ ರಿಜಿಸ್ಟರ್ಡ್. ಅಂಚೆಯವರ ಎದುರು ನಿಂತು ಸಹಿ ಹಾಕದೆ ಇದು ನಿನ್ನ ಕೈಗೆ ಬರುವುದಿಲ್ಲ. ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವಳ ಮಕ್ಕಳು ನಾವು, ಇಷ್ಟಾದರೂ ಬೇಡವೇ.

ಅಮ್ಮ ಹೋದ ಮೂರನೆಯ ದಿನ, ಒಂದು ಕಾಲನ್ನು ಚಪ್ಪಲಿಗೆ ತೂರಿಸಿ ಬಾಗಿಲಲ್ಲಿ ನಿಂತು ನೀನು ಹೇಳಿದ ಮಾತು ನೆನಪಿದೆಯಾ? “ಅಕ್ಕಾ, ಅಮ್ಮನ ಫೋಟೋಗಳೆಲ್ಲ ಸರಿಯಾಗಿ ಸಿಂಕ್ ಆಗಿದ್ಯಾ ಒಂದ್ಸಲ ನೋಡ್ಬಿಡು. ಆಮೇಲೆ ಫೋನ್ ಪೂರ್ತಿ ಅಳಿಸಿ ಯಾರಿಗಾದ್ರೂ ಕೊಟ್ಬಿಡು. ನಾನು ಅಲ್ಲಿಂದ್ಲೇ ನೋಡ್ಕೋತೀನಿ.” ಅಲ್ಲಿಂದಲೇ ನೋಡಿಕೊಳ್ಳುವುದು ನಿನಗೆ ಮೊದಲಿನಿಂದಲೂ ಅಭ್ಯಾಸ. ಆಸ್ಪತ್ರೆಯ ಹನ್ನೊಂದು ತಿಂಗಳನ್ನೂ ಅಲ್ಲಿಂದಲೇ ನೋಡಿಕೊಂಡೆ. ಮೊನ್ನೆ ಮತ್ತೆ ಫೋನ್ ಮಾಡಿ, ಅಮ್ಮನ ಕೊನೆಯ ವರ್ಷದ ಮುಖ ಒಂದೂ ನನ್ನ ಹತ್ತಿರ ಇಲ್ಲ, ಆ ಫೋಟೋಗಳೇ ಗತಿ ಎಂದು ಅತ್ತೆ. ಅತ್ತದ್ದು ನಿಜವೇ ಇರಬೇಕು, ನಿನಗೆ ಮೂಗು ಕಟ್ಟಿತ್ತು. ಹಾಗಾಗಿ ಶ್ರದ್ಧೆಯಿಂದ ಕೂತು ನೋಡಿದ್ದೇನೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಈ ಫೋನಿನ ವಿಷಯದಲ್ಲಿ ಆ ಮಾತು ಖರೆ. ಬ್ಯಾಕಪ್ ಆನ್ ಇದೆ ಎಂದು ಮೇಲೆ ಹಸಿರಾಗಿ ಬರೆದಿತ್ತು. ಅದನ್ನು ನೋಡಿ ಎದ್ದುಬಿಡುವವರೇ ಎಲ್ಲ. ನಾನು ಕಾಲು ಮಿಲಿಮೀಟರು ತಪ್ಪಿದರೆ ಬೈಸಿಕೊಳ್ಳುವ ಕಸುಬಿನವಳು. ಅಂಗಡಿಯ ಕಂಪ್ಯೂಟರಿನಲ್ಲಿ ನೀನೂ ಅಮ್ಮನೂ ಹಂಚಿಕೊಂಡಿದ್ದ ಖಾತೆ ತೆರೆದು, ಪಕ್ಕದಲ್ಲಿ ಅಮ್ಮನ ಫೋನ್ ಇಟ್ಟುಕೊಂಡು, ಒಂದೊಂದಾಗಿ ತಾಳೆ ನೋಡಿದೆ. ಮೂರು ಭಾನುವಾರ ಹಿಡಿಯಿತು. ತಾಳೆ ನೋಡುವುದು ಸುಲಭವೇ ಆಯಿತು, ಯಾಕೆಂದರೆ ಅಮ್ಮ ಪ್ರತಿ ಫೋಟೋಗೂ ನಂಬರು ಕೊಟ್ಟಿದ್ದಳು.

ಇದು ನಿನಗೆ ಗೊತ್ತಿರಲಿಕ್ಕಿಲ್ಲ. ಫೋಟೋ ತೆಗೆದರೆ ಅದು ತಾನಾಗಿ ಮೇಲೆ ಹೋಗುತ್ತದೆ, ನಾನು ಅಲ್ಲಿ ನೋಡಬಹುದು ಎಂದು ಫೋನ್ ಕೊಟ್ಟ ದಿನ ನೀನೇ ಹೇಳಿದೆ. ಅಮ್ಮನಿಗೆ ಅದು ಅಂಚೆ ಪೆಟ್ಟಿಗೆಯಾಯಿತು. ಮೊದಲಿನ ಅರವತ್ತರಷ್ಟು ಬರೀ ಗಿಡ, ಕಿಟಕಿ, ಎದುರು ಮನೆಯ ಬೆಕ್ಕು, ಮೂಲೆಯ ಚೀಟಿಯಲ್ಲಿ ನಂಬರು ಮಾತ್ರ. ಕಾಯಿಲೆ ಬಿದ್ದ ಮೇಲೆ ಅವು ಕಾಗದಗಳಾದವು. ಒಂದು ಚೀಟಿಯಲ್ಲಿ ನಂಬರು, ತಾರೀಖು, ನಿನಗೊಂದು ಸಾಲು ಬರೆಯುವುದು. ಚೀಟಿಯನ್ನು ಫೋಟೋದ ಮೂಲೆಯಲ್ಲಿ ಬರುವಂತೆ ಇಡುವುದು. ತೆಗೆಯುವುದು. ಆಮೇಲೆ ನನ್ನನ್ನು ಕೂಗುವುದು: “ಹೋಯ್ತಾ ನೋಡೇ? ಸೇರ್ತಾ ಅವಳಿಗೆ?” ಫೋನಿನಲ್ಲಿ ನಿನ್ನ ಜೊತೆ ಮಾತಾಡುವಾಗ ಮಾತ್ರ ಒಂದು ದಿನವೂ ಆ ಸುದ್ದಿ ಎತ್ತಲಿಲ್ಲ. ಕಾಗದ ಸೇರಿದವರು ತಾವಾಗಿ ಹೇಳಬೇಕು, ಬಾಯಿಬಿಟ್ಟು ಕೇಳಬಾರದು ಎಂಬುದು ಅವಳ ಹಟ. ನೀನೂ ಹೋಟೆಲಿನ ಈಜುಕೊಳದ ಸುದ್ದಿ ಹೇಳಿ ಇಟ್ಟುಬಿಡುತ್ತಿದ್ದೆ.

ಈಗ ಫಲಿತಾಂಶ. ಒಂದರಿಂದ ಅರವತ್ತೊಂದರವರೆಗೆ ಸೇರಿವೆ. ಬೆಕ್ಕು ಬಹಳ ಚೆನ್ನಾಗಿ ಬಂದಿದೆ. ಅರವತ್ತೆರಡರಿಂದ ಇನ್ನೂರ ಹದಿನಾಲ್ಕರವರೆಗೆ, ಅಂದರೆ ನೂರ ಐವತ್ತಮೂರು, ಒಂದೂ ಹೋಗಿಲ್ಲ. ಒಂದೊಂದರ ಮೇಲೂ ಅಡ್ಡಗೆರೆ ಎಳೆದ ಪುಟಾಣಿ ಮೋಡ ಕೂತಿದೆ. ಕಾರಣ ಹುಡುಕಲು ಕಷ್ಟವಾಗಲಿಲ್ಲ. ಖಾತೆಯಲ್ಲಿ ಜಾಗವಿಲ್ಲ. ಜಾಗ ತುಂಬಿರುವುದು ನಿನ್ನ ಕೆಲಸದ ಫೋಟೋಗಳಿಂದ, ಇಪ್ಪತ್ತಮೂರು ಸಾವಿರ ಚಿಲ್ಲರೆ. ಹಾಸಿಗೆ, ದಿಂಬು, ಸ್ನಾನದ ತೊಟ್ಟಿ, ಮತ್ತೆ ಹಾಸಿಗೆ. ಅದು ತುಂಬಿದ ವಾರ ನೀನು ಜಾಣೆಯಾಗಿ ನಿನಗೆ ಬೇರೆ ಖಾತೆ ಮಾಡಿಕೊಂಡೆ, ಅಮ್ಮನನ್ನು ಹಳೆಯದರಲ್ಲೇ ಬಿಟ್ಟೆ. ಬೇಕೆಂದು ಮಾಡಿದ್ದಲ್ಲ, ಮರೆತೆ. ನೀನು ಬೇಕೆಂದು ಯಾವುದನ್ನು ತಾನೇ ಮಾಡಿದ್ದೀಯ?

ನೂರ ಐವತ್ತಮೂರನ್ನೂ ನೋಡಿದೆ. ಎಪ್ಪತ್ತರಲ್ಲಿ ಅಮ್ಮನ ಊದಿದ ಪಾದ ಸ್ಟೂಲಿನ ಮೇಲಿದೆ, ಚೀಟಿಯಲ್ಲಿ ‘ಆನೆ ಕಾಲು, ನಗಬೇಡ’ ಎಂದಿದೆ. ತೊಂಬತ್ತೇಳರಲ್ಲಿ ವಾರ್ಡಿನ ಸೂರು, ‘ಈ ಫ್ಯಾನಿಗೂ ನನಗೂ ಒಂದೇ ಕಾಯಿಲೆ, ತಿರುಗೋಕೆ ಆಗಲ್ಲ’. ನೂರ ಮೂವತ್ತರಲ್ಲಿ ಕೂದಲೆಲ್ಲ ಹೋದ ಮೇಲೆ ತನ್ನ ಮುಖವನ್ನು ತಾನೇ ತೆಗೆದುಕೊಂಡಿದ್ದಾಳೆ, ಹಣೆ ಅರ್ಧ ಕತ್ತರಿಸಿದೆ. ‘ಹೆದರಬೇಡ, ಒಳಗೆ ನಾನೇ ಇದ್ದೀನಿ’. ಅದನ್ನು ನೋಡಿ ನಾನು ಅಂಗಡಿಯಲ್ಲೇ ಅತ್ತೆ. ಒಟ್ಟು ಇನ್ನೂರ ಹದಿನಾಲ್ಕು ಫೋಟೋಗಳಲ್ಲಿ ನಾನಿರುವುದು ಎರಡರಲ್ಲಿ. ಒಂದರಲ್ಲಿ ಬೆನ್ನು, ಇನ್ನೊಂದರಲ್ಲಿ ಮೊಣಕೈ. ಗಂಜಿ ಕುಡಿಸಿದ, ಬೆನ್ನು ಒರೆಸಿದ, ಬೆಡ್‌ಪ್ಯಾನ್ ಹಿಡಿದ ಕೈಯ ಮೊಣಕೈ. ಚೀಟಿಯಲ್ಲಿ ಅದರ ಸುದ್ದಿಯೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ದೊಡ್ಡವರು ಸುಮ್ಮನೆ ಹೇಳಿದ್ದಲ್ಲ. ನನಗೆ ಹೊಟ್ಟೆಕಿಚ್ಚು ಎಂದರೆ ಹೌದು, ಹೊಟ್ಟೆಕಿಚ್ಚೇ. ನಲವತ್ತಾರು ವರ್ಷದವಳು ಸುಳ್ಳು ಹೇಳಿ ಏನಾಗಬೇಕು.

ಮಿಕ್ಕಂತೆ ಇಲ್ಲಿ ಎಲ್ಲ ಸರಿಯಾಗಿದೆ. ಅಮ್ಮನ ಮಂಚ ಬಿಚ್ಚಿ ಗೋಡೆಗೆ ಒರಗಿಸಿದ್ದೇನೆ. ಎದುರು ಮನೆಯ ಬೆಕ್ಕು ಇನ್ನೂ ಕಿಟಕಿಗೆ ಬಂದು ಕೂರುತ್ತದೆ, ನನ್ನ ಮುಖ ಕಂಡರೆ ಇಳಿದು ಹೋಗುತ್ತದೆ. ವಾರ್ಡಿನ ಆಯಾ ನಿನ್ನನ್ನು ಕೇಳಿದಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಭುಜ ನೋಡಿಕೋ, ಗಾಡಿಯಲ್ಲಿ ಹೋಗುವಾಗ ಫೋನ್ ನೋಡಬೇಡ. ದೊಡ್ಡವಳಾಗಿ ಹರಸುವ ಕೆಲಸ ಇನ್ನು ನನ್ನದೇ ಆದ್ದರಿಂದ ಹರಸುತ್ತೇನೆ: ನೂರು ಕಾಲ ಬಾಳು, ಇದನ್ನೆಲ್ಲ ನೆನಪಿಟ್ಟುಕೊಂಡು ಬಾಳು.

ಇಂತಿ ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇನ್ನೆರಡು ಮಾತು. ಜಾಗ ತುಂಬಿದೆ ಎಂಬ ಸೂಚನೆ ಅಮ್ಮನ ಫೋನಿಗೆ ಹೋದ ವರ್ಷವೇ ಬಂದಿತ್ತು. ಅಕ್ಷರ ತೀರಾ ಸಣ್ಣದು, ಅವಳಿಗೆ ಅದನ್ನು ಓದಲಾಗದೆ ನನ್ನ ಕೈಗೆ ಕೊಟ್ಟಳು. ಓದಿ, ‘ಆಮೇಲೆ’ ಒತ್ತಿದೆ. ಆಮೇಲೂ ಪ್ರತಿ ಸಲ ಅದನ್ನೇ ಒತ್ತಿದೆ. “ಸೇರ್ತಾ?” ಎಂದಾಗೆಲ್ಲ, “ಸೇರ್ತಮ್ಮ, ಅವಳು ನೋಡಿದ್ದಾಳೆ” ಎಂದೆ. ನೋಡಿಯೂ ನೀನು ಒಂದು ಮಾತು ಆಡಲಿಲ್ಲ ಎಂದು ಒಂದೇ ಒಂದು ಸಲ ಅವಳು ನಿನ್ನನ್ನು ಬೈಯಲಿ ಅಂತ ಕಾದೆ. ಬೈಯಲಿಲ್ಲ. ಇನ್ನೂರ ಹದಿನಾಲ್ಕರ ಚೀಟಿಯಲ್ಲಿ ಇದ್ದದ್ದು ಇಷ್ಟು: ‘ಎಲ್ಲಾ ನೋಡಿದ್ದೀಯಂತೆ, ಅಕ್ಕ ಹೇಳಿದಳು. ಉತ್ತರ ಬರೆಯದಿದ್ರೂ ಬೇಜಾರಿಲ್ಲ ಮಗಳೇ. ನೋಡ್ದೆಯಲ್ಲ, ಸಾಕು.’ ಇದ್ದದ್ದು ಎಂದೆ, ಯಾಕೆಂದರೆ ಇವತ್ತು ಬೆಳಗ್ಗೆ, ನೀನು ಹೇಳಿದ ಹಾಗೆಯೇ, ಫೋನ್ ಪೂರ್ತಿ ಅಳಿಸಿ ವಾರ್ಡಿನ ಆಯಾಗೆ ಕೊಟ್ಟೆ. ಚೀಟಿಗಳನ್ನು ಮೊದಲೇ ಒಲೆಗೆ ಹಾಕಿದ್ದೆ. ಅಳಿಸುವ ಮುಂಚೆ ಫೋನ್ ಎರಡು ಸಲ ಕೇಳಿತು, ಖಂಡಿತವೇ ಎಂದು. ಇನ್ನು ಆ ನೂರ ಐವತ್ತಮೂರರ ಬಗ್ಗೆ ನೀನು ನನ್ನ ಮಾತನ್ನೇ ನಂಬಬೇಕು. ಅಮ್ಮನೂ ನಂಬಿದ್ದಳು.