ಲೈಸೆನ್ಸಿನಲ್ಲಿರುವ ಹೆಸರು

ದಿಲೀಪ,

ನೀನು ಬಾಗೂರಿಂದ ತರಕಾರಿ ತರುವಷ್ಟರಲ್ಲಿ ನಾನು ಹೋಟೆಲಿಗೆ ಹೋಗಿರುತ್ತೇನೆ. ರೊಟ್ಟಿ ಮುಚ್ಚಿಟ್ಟಿದ್ದೇನೆ. ತಿಂದು ಹಾಸನದ ಫುಡ್ ಲೈಸೆನ್ಸ್ ಆಫೀಸಿಗೆ ಹೋಗು.

ನಿನ್ನೆ ನೀನಿಲ್ಲದಾಗ ಫುಡ್ ಇನ್ಸ್‌ಪೆಕ್ಟರ್ ಬಂದಿದ್ದರು. ಒಬ್ಬರೇ ಅಡುಗೆಮನೆಗೆ ಹೋಗಿ ನೋಡಿ, ಎಣ್ಣೆ, ನೀರು ಎಲ್ಲ ಸರಿಯಿದೆ ಎಂದರು. ಆಮೇಲೆ ಅಡುಗೆಯವರು ಎಷ್ಟು ಜನ ಎಂದು ಕೇಳಿದರು.

"ನಾನು, ನನ್ ತಮ್ಮ, ಇಬ್ರೇಯ ಸಾ" ಎಂದೆ.

"ಮತ್ತೆ ಒಳಗೆ ಸಾರು ಕಲಕ್ತಿರೋ ಅಜ್ಜಿ ಯಾರಮ್ಮ? ತಲೆಗೆ ಟೋಪಿ ಹಾಕ್ಕೊಳ್ಳಿ ಅಂದ್ರೆ ಸೆರಗು ಹೊದ್ಕೊಂಡು, 'ಇಷ್ಟು ಸಾಕು ಕಣಪ್ಪ' ಅಂದ್ರು" ಎನ್ನುತ್ತಾ ಮೂವರು ಎಂದು ಬರೆದುಕೊಂಡರು.

ಓಡಿಹೋಗಿ ನೋಡಿದೆ. ಯಾರೂ ಇರಲಿಲ್ಲ. ಸೌಟು ಒಲೆಯ ಎಡಗಡೆ ಇತ್ತು, ಅವ್ವ ಇಡುತ್ತಿದ್ದ ಹಾಗೆ. ಸಾರಿಗೆ ನಾನಿನ್ನೂ ಉಪ್ಪು ಹಾಕಿರಲಿಲ್ಲ. ರುಚಿ ನೋಡಿದರೆ ಉಪ್ಪು ಸರಿಯಾಗಿತ್ತು.

ಅವ್ವ ತೀರಿಕೊಂಡು ವರ್ಷ ತುಂಬಿತು. ಲೈಸೆನ್ಸಿಗೆ ನಿನ್ನ ಹೆಸರು ಹಾಕಿಸು ಎಂದು ತಿಥಿಯ ದಿನದಿಂದ ಬಾಯಿ ಬಡಿದುಕೊಂಡೆ. ನೀನು "ಅವ್ವನ್ ಹೆಸ್ರಲ್ಲೇ ಇರ್ಲಿ ಬುಡಕ್ಕ" ಎಂದು ಅವಳ ಹೆಸರಲ್ಲೇ ಇನ್ನೂ ಐದು ವರ್ಷಕ್ಕೆ ರಿನ್ಯೂವಲ್ ಮಾಡಿಸಿಕೊಂಡು ಬಂದೆ. ಹೆಸರಿರುವ ತನಕ ದುಡಿಯಬೇಕು ಎಂದುಕೊಂಡಿದ್ದಾಳೆ, ಪಾಪ. ಅವಳಿದ್ದಾಗಲೂ ನಾವು ಕೂರಿಸಿ ಊಟ ಹಾಕಲಿಲ್ಲ.

ಡೆತ್ ಸರ್ಟಿಫಿಕೇಟ್ ಬೀರುವಿನಲ್ಲಿ, ಅವಳ ಸೀರೆಗಳ ಕೆಳಗಿದೆ. ಮರೆಯಬೇಡ. ಹೋಗುವಾಗ ಹೋಟೆಲಿಗೆ ಬಂದು, ಹೆಸರು ತೆಗೆಸುತ್ತಿದ್ದೇವೆ ಎಂದು ಅವಳಿಗೆ ಒಂದು ಮಾತು ಹೇಳು. ನನಗೆ ಬಾಯಿ ಬರಲಿಲ್ಲ.

ನಿನಗೂ ಆಗದಿದ್ದರೆ ಹಾಸನದ ತನಕ ಹೋಗಬೇಡ. ಪೇಟೆಯಲ್ಲಿ ಟೋಪಿ ತಗೊಂಡು ಬಾ. ಮೂರು.

ಅಕ್ಕ